ಕಾನ್‌ಕೂನ್ ಕಡಲ ತೀರದಲ್ಲಿ ತಾತನ ಊಟ

ಬಂದ ಕೂಡಲೇ ಮಣಿಕಟ್ಟಿಗೆ ಒಂದು ಬಣ್ಣದ ಪಟ್ಟಿ ಕಟ್ಟುತ್ತಾರೆ. ಆಮೇಲೆ ಬೆಳಗಿನ ಕಾಫಿಯಿಂದ ರಾತ್ರಿಯ ಐಸ್‌ಕ್ರೀಂವರೆಗೆ ಯಾವುದಕ್ಕೂ ದುಡ್ಡು ಕೊಡುವ ಹಾಗಿಲ್ಲ. ಕೋಣೆಯ ಬಾಡಿಗೆಯಲ್ಲೇ ಊಟ ತಿಂಡಿ ಎಲ್ಲ ಸೇರಿರುವ ಇಂಥ ಜಾಗಗಳಿಗೆ 'ಆಲ್ ಇನ್‌ಕ್ಲೂಸಿವ್ ರೆಸಾರ್ಟ್' ಎನ್ನುತ್ತಾರೆ. ಮೆಕ್ಸಿಕೋ ದೇಶದ ಕಾನ್‌ಕೂನ್‌ನಲ್ಲಿ ಕಡಲುದ್ದಕ್ಕೂ ಇಂಥವೇ. 1970ರಲ್ಲಿ ಪ್ರವಾಸಿಗರಿಗೆಂದೇ ಕಟ್ಟಲು ಶುರು ಮಾಡಿದ ಊರದು. ಎದುರಿಗೆ ಕೆರಿಬಿಯನ್ ಸಮುದ್ರ, ನವಿಲುಗರಿಯ ಬಣ್ಣದ ನೀರು. ಹ್ಯೂಸ್ಟನ್‌ನಲ್ಲಿರುವ ಮಗಳು, ಅಳಿಯ ನಮ್ಮಿಬ್ಬರನ್ನೂ ಐದು ದಿನಕ್ಕೆ ಅಲ್ಲಿಗೆ ಕರೆದುಕೊಂಡು ಹೋಗಿದ್ದರು.

ನಮ್ಮವರಿಗೆ 72 ವರ್ಷ. ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಮುಟ್ಟಿದವರಲ್ಲ. ಜೊತೆಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಕೈ ನಡುಗುತ್ತದೆ.

ಮೊದಲ ರಾತ್ರಿ ಊಟದ ಹಾಲ್‌ಗೆ ಹೋದರೆ, ನಾಲ್ಕು ಮದುವೆ ಮನೆಯ ಅಡುಗೆ ಒಂದೇ ಕಡೆ ಹರಡಿದ ಹಾಗಿತ್ತು. ಟೊಮೇಟೊ ಹಾಕಿದ ಕೆಂಪು ಅನ್ನ, ರುಬ್ಬಿದ ಕಾಳಿನ ಪಲ್ಯ. ನೋಡಿದರೆ ನಮ್ಮದೇ ಊಟ! ಆದರೆ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುವ ಮೊಮ್ಮಗಳು ಪುಟ್ಟಿ ಬಡಿಸುವವರನ್ನು ಕೇಳಿ ಬಂದಳು. "ತಾತ, ಅನ್ನ ಬೇಯಿಸಿರೋದು ಕೋಳಿ ಸಾರಲ್ಲಂತೆ. ಕಾಳಿಗೆ ಹಂದಿ ಕೊಬ್ಬು ಹಾಕಿದಾರಂತೆ." ನಮ್ಮವರು ಎರಡು ಬಾಳೆಹಣ್ಣು, ನಾಲ್ಕು ಹೋಳು ಸೌತೆಕಾಯಿ ತಂದುಕೊಂಡು ಕೂತರು. "ನನ್ನೊಬ್ಬನಿಂದ ನಿಮ್ಮೆಲ್ಲರ ರಜ ಹಾಳಾಗೋದು ಬೇಡ, ನೀವು ಊಟ ಮಾಡಿ" ಎಂದರು. ಮಗಳ ಕಣ್ಣಲ್ಲಿ ನೀರಾಡಿತು.

ಅಲ್ಲಿ 'ಸಸ್ಯಾಹಾರಿ' ಎಂದಷ್ಟೇ ಹೇಳಿದರೆ ಸಾಲದು. 'ಕಾರ್ನೆ' ಎಂದರೆ ಮಾಂಸವೇ ಹೌದು. ಆದರೆ ಅನೇಕರ ಮನಸ್ಸಿನಲ್ಲಿ ಅದು ದನ, ಹಂದಿಯ ಮಾಂಸ ಮಾತ್ರ. ಕೋಳಿ, ಮೀನು ಬೇಡವೆಂದು ಬೇರೆಯಾಗಿ ಹೇಳಬೇಕು. ಇನ್ನೊಂದು ತಮಾಷೆ ಕೇಳಿ: 'ಮಂತೆಕಿಯಾ' ಎಂದರೆ ಬೆಣ್ಣೆ, 'ಮಂತೆಕಾ' ಎಂದರೆ ಹಂದಿ ಕೊಬ್ಬು! ಮಕ್ಕಳೇ, ಬಣ್ಣಬಣ್ಣದ ಜೆಲ್ಲಿಯನ್ನೂ ಕೇಳಿಯೇ ತಿನ್ನಬೇಕು. ಅದು ಗಟ್ಟಿಯಾಗಲು ಹಾಕುವ ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ.

ಇಂಥ ಕಡೆ ಸಸ್ಯಾಹಾರಿಗಳೆಲ್ಲ ಕೊನೆಗೆ ಪಾಸ್ತಾ, ಪಿಜ್ಜಾ ಮೂಲೆ ಸೇರುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮೆಕ್ಸಿಕೋಗೆ ಹೋಗಿ ಇಟಲಿಯ ಊಟ ಯಾಕೆ? ಆ ನೆಲದ ಮಾಯಾ ಜನ ಸಾವಿರಾರು ವರ್ಷಗಳಿಂದ ಮೆಕ್ಕೆಜೋಳ, ಬೀನ್ಸ್ ಕಾಳು, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಬೆಳೆದವರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲಕ್ಕೆ ನೆರಳು ಕೊಡುತ್ತದೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ನೆಂಟ ಎನ್ನಿ. ದೇವರುಗಳು ಮನುಷ್ಯನನ್ನು ಮಾಡಿದ್ದೇ ಮೆಕ್ಕೆಜೋಳದ ಹಿಟ್ಟಿನಿಂದ ಎಂಬುದು ಅವರ ಪುರಾಣದ ಕಥೆ. ಅವರೂ ಜಿಂಕೆ, ಟರ್ಕಿ ಕೋಳಿ ತಿನ್ನುತ್ತಿದ್ದರು. ಆದರೆ ಹಂದಿ ಬಂದದ್ದು ಸ್ಪೇನಿನವರ ಹಡಗಿನಲ್ಲಿ. ಅಂದರೆ ಕೊಬ್ಬು ಹಾಕದ ಕಾಳೇ ಆ ಊರಿನ ಹಳೆಯ ಅಡುಗೆ.

ಮರುದಿನ ಬೆಳಿಗ್ಗೆ ಪುಟ್ಟಿ ಒಂದು ಚೀಟಿಯಲ್ಲಿ 'ತಾತ ತಿನ್ನದ್ದು' ಎಂಬ ಪಟ್ಟಿಯನ್ನು ಸ್ಪ್ಯಾನಿಷ್‌ನಲ್ಲಿ ಬರೆದು, ರೊಟ್ಟಿ ತಟ್ಟುವ ಹೆಂಗಸಿನ ಕೈಗೆ ಕೊಟ್ಟಳು. ನನ್ನ ವಯಸ್ಸಿನ ಆಕೆ ಓದಿ, ತಾತನನ್ನೊಮ್ಮೆ ನೋಡಿ, ಒಳಗೆ ಹೋದರು. ಬಂದದ್ದು ಬರೀ ಉಪ್ಪು, ಈರುಳ್ಳಿ ಹಾಕಿ ಬೇಯಿಸಿದ ಕಪ್ಪು ಕಾಳು. ಜೊತೆಗೆ ಬಿಸಿ ತೋರ್ತಿಯಾ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರುಬ್ಬಿ, ತಟ್ಟಿ ಸುಡುವ ರೊಟ್ಟಿ ಅದು. ಮೇಲೆ ಹಸಿರು ಪಲ್ಯ ಬೇರೆ. ಬೆಂಡೆಕಾಯಿಯಂತೆ ಸ್ವಲ್ಪ ಲೋಳೆ, ಸ್ವಲ್ಪ ಹುಳಿ. ಏನೆಂದು ಕೇಳಿದರೆ, ಮುಳ್ಳು ತೆಗೆದ ಪಾಪಾಸುಕಳ್ಳಿ! ನಮ್ಮಲ್ಲಿ ಬೇಲಿಗೆ ಹಾಕುವುದನ್ನು ಅವರು ಬಾಣಲೆಗೆ ಹಾಕುತ್ತಾರೆ. ನಮ್ಮವರು ಮೂರು ರೊಟ್ಟಿ ಮುಗಿಸಿ, ಕುಡಿಯಲು ತಂದ 'ತಮರಿಂದೊ' ನೋಡಿ ನಕ್ಕರು. ಹುಣಸೆಹಣ್ಣಿನ ಪಾನಕ! ಸಕ್ಕರೆ ಹಾಕಿದ್ದರಿಂದ ಅದು ನನ್ನ ಪಾಲಿಗೆ ಬಂತು. ಹಣ್ಣಿನ ತಟ್ಟೆಯಲ್ಲಿ ಪರಂಗಿ, ಸೀಬೆ. ಇವೆರಡರ ತವರು ಅಮೆರಿಕದ ಈ ಬಿಸಿ ಸೀಮೆಯೇ. ಸಪೋಟ ಮರವಂತೂ ಅಲ್ಲಿನ ಕಾಡಿನದೇ. ಹಿಂದೆ ಚೂಯಿಂಗ್ ಗಮ್ ಅನ್ನು ಅದರ ಹಾಲಿನ ಅಂಟಿನಿಂದ ಮಾಡುತ್ತಿದ್ದರು.

ಆಮೇಲೆ ನಾಲ್ಕು ದಿನವೂ ನಮ್ಮವರು ನೇರ ರೊಟ್ಟಿ ಒಲೆಯ ಹತ್ತಿರವೇ ಹೋಗುತ್ತಿದ್ದರು. ಹೊರಡುವ ದಿನ ನಮ್ಮ ಚಟ್ನಿಪುಡಿಯ ಡಬ್ಬಿಯನ್ನು ಆಕೆಗೆ ಕೊಟ್ಟೆವು. ಅವರು ಚಿಟಿಕೆ ಬಾಯಿಗೆ ಹಾಕಿಕೊಂಡು ಒಂದೊಂದೇ ಹೆಸರು ಹೇಳಿದರು: ಮೆಣಸಿನಕಾಯಿ, ಕಡಲೆಕಾಯಿ, ಹುಣಸೆ. ಎಲ್ಲವೂ ಸರಿಯೇ. ಪುಡಿಯಲ್ಲಿದ್ದ ಒಂದು ಚೂರು ಕರಿಬೇವನ್ನು ಮಾತ್ರ ಮೂಸಿ ಮೂಸಿ ನೋಡಿ ಪುಟ್ಟಿಯ ಮುಖ ನೋಡಿದರು. ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಏನನ್ನಬೇಕೆಂದು ಪುಟ್ಟಿಗೂ ಗೊತ್ತಿರಲಿಲ್ಲ. "ಕರಿಬೇವು" ಎಂದಳು. ಆಕೆ ಎರಡು ಸಲ ಹೇಳಿಕೊಂಡು, ಡಬ್ಬಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡರು.