ಅಂಗೈಯಲ್ಲೊಂದು ಅಳಿವೆ

ನವರಾತ್ರಿ ಬಂತೆಂದರೆ ನಮ್ಮ ಚಾವಡಿಗೆ ಯಕ್ಷಗಾನದ ಹೂವಿನಕೋಲು ಬರುತ್ತಿತ್ತು. ಬಿಳಿ ಅಂಗಿ, ಟೊಪ್ಪಿ ತೊಟ್ಟ ಇಬ್ಬರು ಹುಡುಗರು ಎದುರುಬದುರು ಕೂರುವರು; ನಡುವೆ ಹೂ ಸುತ್ತಿದ ಕೋಲು. ಭಾಗವತರು ಪದ ಎತ್ತಿ, ಮದ್ದಳೆ ನುಡಿದು ನಿಂತದ್ದೇ ತಡ, ಹಲ್ಲು ಬಿದ್ದ ಬಾಯಿಯ ಪೋರನೊಬ್ಬ ಅರ್ಜುನನಾಗಿ ಅರ್ಥ ಹೇಳತೊಡಗುವನು. ಅಕ್ಕಿ, ತೆಂಗಿನಕಾಯಿ ಕೊಟ್ಟು ಕಳಿಸಿದ ಮೇಲೂ ಅವನ ಮಾತು ಚಾವಡಿಯಲ್ಲೇ ಉಳಿದಂತಿರುತ್ತಿತ್ತು. ಒಂದೇ ಕತೆಯೊಳಗೆ ಮುಳುಗಿ ಎದ್ದ ಆ ಮಕ್ಕಳಿಗೆ ತಾಳದ ಲೆಕ್ಕ, ಒತ್ತಕ್ಷರದ ಉಚ್ಚಾರ, ಎದುರಿನವನ ಮಾತು ಮುಗಿಯುವ ತನಕ ಕಾಯುವ ತಾಳ್ಮೆ ಎಲ್ಲವೂ ಒಟ್ಟಿಗೇ ಬಂದಿದ್ದವು. ಇದು ಗಣಿತ, ಇದು ಭಾಷೆ ಎಂದು ಯಾರೂ ಗೆರೆ ಎಳೆದಿರಲಿಲ್ಲ.

ಕತೆಯೊಳಗೇ ಎಲ್ಲವನ್ನೂ ಕಲಿಯಬಹುದೆಂಬ ಈ ನಂಬಿಕೆಗೆ ಬ್ರಹ್ಮಾವರದ ಕಡೆಯಲ್ಲಿ ಗೆಜ್ಜೆಯನ್ನೂ ಕಟ್ಟಿದರು. ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರು 1975ರಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಲ್ಲಿ ಕೇದಗೆ ಮುಂದಲೆ ಹೊತ್ತ ಎಳೆಯರು ಕುಣಿದರು. ಅಲ್ಲೇ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿದ್ದೂ, 1936ರಲ್ಲಿ ಮಕ್ಕಳಿಗಾಗಿಯೇ ‘ಬಾಲಪ್ರಪಂಚ’ ಎಂಬ ವಿಶ್ವಕೋಶ ತಂದದ್ದೂ ಇದೇ ಹಂಬಲದಿಂದ ಎಂದು ನನಗೆ ಅನಿಸುತ್ತದೆ.

ಈಗ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಎಂಬ ಪಠ್ಯಕ್ರಮ ಇದೆ. ಒಂದೊಂದು ವಿಷಯ ಹಿಡಿದು ಹಾಡು, ಕತೆ, ಆಟ, ಬಣ್ಣ. ಕುಂದಾಪುರದ ಹೊಳೆಬದಿಯ ಅಂಗನವಾಡಿಯೊಂದಕ್ಕೆ ನೆಂಟರ ಮಗುವನ್ನು ಕರೆತರಲು ಹೋಗಿದ್ದೆ. ಅಲ್ಲಿ ನೀರಿನ ಪಾಠ ನಡೆದಿತ್ತು. ಟೀಚರು ಪುಟ್ಟ ಅಂಗೈಗಳಿಗೆ ನೀಲಿ ಬಣ್ಣ ಹಚ್ಚಿ ಹಾಳೆಗೆ ಒತ್ತಿಸುತ್ತಿದ್ದರು. ಐದು ಬೆರಳು, ಐದು ಹೊಳೆ: ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ. ಅಂಗೈ ಪಂಚಗಂಗಾವಳಿ, ಮಣಿಕಟ್ಟು ಗಂಗೊಳ್ಳಿ ಅಳಿವೆ. ಎಷ್ಟು ಚಂದ ಹೊಂದಿತು! ಬೈಂದೂರು ಕಡೆಯಿಂದ ಬರುವ ಸೌಪರ್ಣಿಕೆಗೆ ಹೆಬ್ಬೆರಳು. ಮರವಂತೆಯಲ್ಲಿ ಕಡಲಿನ ಹತ್ತಿರ ಬಂದೂ ಸೇರದೆ ತಿರುಗಿ ಹೋಗುವ ಹೊಳೆಯದು. ಆ ತಿರುವಿಗೆ ಮಕ್ಕಳೆಲ್ಲ ಎದ್ದು ಸೊಂಟ ತಿರುಗಿಸಿದರು. ಮೂಲೆಯಲ್ಲಿ ಅಜ್ಜಿಯೊಬ್ಬರು ಕೊಟ್ಟ, ಮಳೆಗೆ ಹೊದೆಯುವ ಹಳೆಯ ಗೊರಬು ಇತ್ತು. ಅದರೊಳಗೆ ತೂರಿದ ಹುಡುಗಿ, ಹೊರಗಿನಿಂದ ಗೆಳೆಯರು ಬೆರಳಲ್ಲಿ ತಟ್ಟುವ ಮಳೆಯನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಬೇರೊಂದು ಶಾಲೆಯಲ್ಲಿ ಇದೇ ಪ್ರಾಯದ ಮಕ್ಕಳು ಅಚ್ಚಾದ ಹಾಳೆಯ ಹಿಮದ ಬೊಂಬೆಗೆ ಬಣ್ಣ ತುಂಬುವುದನ್ನು ಕಂಡಿದ್ದೇನೆ. ಹೊರಗೆ ಜಡಿಮಳೆ, ಗದ್ದೆಯಲ್ಲಿ ನೆಟ್ಟಿ. ಕಿಟಕಿಯನ್ನಾದರೂ ತೆರೆದಿಡಬಾರದೇ ಎಂದು ನನಗೆ ಹೊಟ್ಟೆ ಉರಿದಿತ್ತು. ಬಣ್ಣದ ಪೆಟ್ಟಿಗೆ ಎರಡೂ ಕಡೆ ಇತ್ತು. ಕಲಿಸುವವರ ಕಣ್ಣು ಮಾತ್ರ ಒಂದೇ ಕಡೆ ಹೊಳೆಯತ್ತ ತಿರುಗಿತ್ತು.

ಹೊರಡುವಾಗ ನಮ್ಮ ಮಗು ಕೈ ತೊಳೆಯಲು ಒಪ್ಪಲಿಲ್ಲ. ಸೇತುವೆ ಬಂದಾಗ ನೀಲಿ ಅಂಗೈಯನ್ನು ಕೆಳಗಿನ ನೀರಿಗೆ ಹಿಡಿದು, “ಕಾಣಿ, ನನ್ ಹೊಳಿಗೂ ನೆರಿ ಬಂತ್” ಎಂದಿತು. ಬೆವರಿಗೆ ಬಣ್ಣ ಕರಗಿ ಮಣಿಕಟ್ಟಿನ ತನಕ ಇಳಿದಿತ್ತು.