‘ಪರವಾಗಿಲ್ಲ’ ಅಂದರೆ ಎಷ್ಟು?

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾವಿಬ್ಬರೂ ಮಗನ ಜೊತೆ ಕೊಚ್ಚಿಯ ವಲ್ಲಾರ್ಪಾಡಂ ದ್ವೀಪದಲ್ಲಿದ್ದೇವೆ. ಹೋದ ಮಳೆಗಾಲ ನನ್ನಾಕೆ ಬಚ್ಚಲಲ್ಲಿ ಜಾರಿ ಸೊಂಟದ ಕೀಲಿನ ಮೂಳೆ ಮುರಿದುಕೊಂಡಳು. 2004ರಲ್ಲಿ ಗೋಶ್ರೀ ಸೇತುವೆಗಳು ಆಗುವ ಮುಂಚೆ ಇಲ್ಲಿಂದ ಎರ್ನಾಕುಲಕ್ಕೆ ದೋಣಿಯೇ ಗತಿ. ನಮ್ಮ ಪುಣ್ಯ, ಆಂಬುಲೆನ್ಸ್ ಬೇಗ ದಾಟಿತು.

ಆಪರೇಷನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಆಮೇಲಿನ ನೋವಿಗೆಂದು ಅರಿವಳಿಕೆ ಡಾಕ್ಟರು ಸ್ಕ್ಯಾನ್ ಯಂತ್ರದಲ್ಲಿ ನೋಡುತ್ತಾ ತೊಡೆಸಂದಿನ ಹತ್ತಿರ ಇನ್ನೊಂದು ಕೊಟ್ಟರು. ಆ ಭಾಗದ ನರಗಳು ಮರಗಟ್ಟುತ್ತವೆ, ಮಾರ್ಫಿನ್‌ನಂಥ ಮದ್ದು ಕಡಿಮೆ ಸಾಕಾಗುತ್ತದೆ, ವಯಸ್ಸಾದವರಿಗೆ ಮಂಪರು, ವಾಂತಿಯ ಕಾಟ ತಗ್ಗುತ್ತದೆ ಎಂದರು. ಕಾಲಿಗೆ ಬಲವಿರದು, ಒಬ್ಬರೇ ಏಳಬೇಡಿ ಎಂದೂ ಎಚ್ಚರಿಸಿದರು.

ಸಂಜೆ ನರ್ಸ್ ಬಂದು, ‘ವೇದನ ಉಂಡೋ ಅಮ್ಮಾ?’ ಎಂದಳು. ವೇದನೆ ನಮ್ಮ ಮಾತೂ ಹೌದಲ್ಲ, ಅರ್ಥವಾಯಿತು. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕಂತೆ. ಇವಳು ‘ಪರವಾಗಿಲ್ಲ’ ಎಂದಳು. ‘ಎತ್ರ?’ ಎಂದು ನರ್ಸ್ ನನ್ನ ಮುಖ ನೋಡಿದಳು. ಎರಡು ಎಂದುಬಿಟ್ಟೆ.

ರಾತ್ರಿ ಮದ್ದಿನ ಬಲ ಇಳಿಯಿತು. ನನಗೆ ಎಚ್ಚರವಾದಾಗ ಇವಳು ಹೊದಿಕೆ ಕಚ್ಚಿಕೊಂಡು ಅಳುತ್ತಿದ್ದಳು. ‘ನಿಮ್ಮ ನಿದ್ದೆ ಯಾಕೆ ಕೆಡಿಸಲಿ ಅಂತ’ ಎಂದಳು. ಗಂಟೆ ಒತ್ತಿದೆ. ‘ಎಂಟು’ ಅಂತ ಅವಳೇ ಹೇಳಿದಳು. ನರ್ಸ್ ಮೆಲ್ಲಗೆ ಗದರಿದಳು: ಮರಗಟ್ಟಿದ್ದು ಬಿಡುವ ಮುಂಚೆಯೇ ಹೇಳಬೇಕು, ಏರಿದ ನೋವನ್ನು ಇಳಿಸುವುದು ಕಷ್ಟ.

ಮರುದಿನ ಇವಳು ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ನಮ್ಮ ಕಡೆ ನೋವು ನುಂಗುವುದೇ ದೊಡ್ಡತನ. ಜೀವನವಿಡೀ ಲೆಕ್ಕ ಬರೆದವನು ನಾನು. ಇವಳ ಎಷ್ಟು ‘ಪರವಾಗಿಲ್ಲ’ಗಳನ್ನು ಎರಡು ಎಂದು ಬರೆದುಕೊಂಡಿದ್ದೆನೋ!