ಬಿಸಿಲು ಪುಕ್ಕಟೆ, ತಂತಿಯಲ್ಲ

ಸೂರ್ಯ ಬಿಲ್ಲು ಕಳಿಸುವುದಿಲ್ಲ, ನಿಜ. ಆದರೆ ತಾರಸಿಯ ಕರೆಂಟು ಊರ ತಂತಿಗೆ ಸೇರಬೇಕಲ್ಲ! ಬೀದಿಯ ಹತ್ತು ಮನೆಯವರು ಸೌರಫಲಕ ಹಾಕಿಸಿದರೆ ತಂತಿ ದಪ್ಪವಾಗಬೇಕು, ಟ್ರಾನ್ಸ್‌ಫಾರ್ಮರೂ ಬದಲಾಗಬೇಕಾದೀತು. ಆ ಖರ್ಚು ಯಾರದು?

2024ರ ಕೇಂದ್ರ ನಿಯಮದ ಪ್ರಕಾರ, 5 ಕಿಲೋವ್ಯಾಟ್‌ವರೆಗಿನ ತಾರಸಿ ಘಟಕಗಳಿಗಾಗಿ ಜಾಲ ಬಲಪಡಿಸುವ ವೆಚ್ಚ ವಿದ್ಯುತ್ ಕಂಪೆನಿಯದು. ನನ್ನದು 3 ಕಿಲೋವ್ಯಾಟ್. ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನವೂ ಬಂತು. ಖುಷಿಯಾಗದೆ ಇದ್ದೀತೆ?

ಆದರೆ ಕಂಪೆನಿಗೆ ಸ್ವಂತ ಜೇಬೆಲ್ಲಿದೆ? ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿದ ಖರ್ಚು ದರಪಟ್ಟಿ ಹತ್ತಿ ಎಲ್ಲರ ಬಿಲ್ಲಿಗೂ ಇಳಿಯುತ್ತದೆ. ನಮ್ಮ ಕೆಳಮನೆಯ ಬಾಡಿಗೆದಾರರಿಗೆ ತಾರಸಿಯ ಮೇಲಿರುವುದು ಬಟ್ಟೆ ಒಣಹಾಕುವಷ್ಟು ಹಕ್ಕು.

“ಹಾಗಾದರೆ ನಿಮ್ಮ ಬಿಸಿಲಿಗೂ ನಾವೇ ಬಾಡಿಗೆ ಕೊಡಬೇಕು ಅನ್ನಿ” ಎಂದು ಆ ಮನೆಯಾಕೆ ನಕ್ಕರು. ಹಗಲು ನಮ್ಮಲ್ಲಿ ಮಿಕ್ಕ ಕರೆಂಟು ಪಕ್ಕದ ಮನೆಯಲ್ಲೇ ಬಳಕೆಯಾಗಿ, ದೂರದಿಂದ ತರುವಾಗಿನ ಸೋರಿಕೆ ತಗ್ಗುತ್ತದೆಂದು ವಾದಿಸಿದೆ. ಸುಳ್ಳೇನಲ್ಲ. ಆದರೆ ರಾತ್ರಿ ನನ್ನ ದೀಪ ಉರಿಯುವುದೂ ಅದೇ ತಂತಿಯಿಂದ ತಾನೆ?

ತಂತಿ ಊರಿನ ಕಾಲುವೆಯಿದ್ದ ಹಾಗೆ. ಹೂಳೆತ್ತಲು ಎಲ್ಲರೂ ಬರಬೇಕು. ಗದ್ದೆಯಿದ್ದವರು ಎರಡು ಬುಟ್ಟಿ ಹೆಚ್ಚು ಹೊರಬೇಕು. ಫಲಕವಿರುವವರ ತಿಂಗಳ ನಿಗದಿ ಶುಲ್ಕ ತುಸು ಏರಿದರೆ ನಾನಂತೂ ತಕರಾರು ಎತ್ತುವುದಿಲ್ಲ.